ಎರಡನೇ ಸಲ ಜಿಮ್ಯಾಟ್ ಬರೆಯೋರು ಕೋಚಿಂಗ್ ಸೇರುವ ಮುನ್ನ

ಎಂಬಿಎಯಂಥ ಕೋರ್ಸ್ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಅಂದುಕೊಂಡ ಸ್ಕೋರ್ ಬರಲಿಲ್ಲ ಅಂತ ಕೂಡಲೇ ಹೊಸ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ. ನಾನು ಕಟ್ಟಿ ಕೈ ಸುಟ್ಟುಕೊಂಡಿದ್ದೇನೆ. ಮೊದಲ ನಾಲ್ಕು ವಾರ ಬರೀ ಶೇಕಡಾ, ಅನುಪಾತ. ಅದೆಲ್ಲ ನನಗೆ ಮೊದಲೇ ಬರುತ್ತಿತ್ತು!

ಹಳೇ ಸ್ಕೋರ್ ರಿಪೋರ್ಟ್ ತೆಗೆದು ನೋಡಿ, ಎಡವಿದ್ದೆಲ್ಲಿ ಅಂತ. ಕ್ವಾಂಟ್ (ಗಣಿತ), ವರ್ಬಲ್ (ಇಂಗ್ಲಿಷ್ ಓದು, ತರ್ಕ), ಡೇಟಾ ಇನ್‌ಸೈಟ್ಸ್ (ಟೇಬಲ್, ಗ್ರಾಫ್ ನೋಡಿ ಉತ್ತರಿಸೋದು) ಮೂರು ಸೆಕ್ಷನ್‌ಗೂ ತಲಾ 45 ನಿಮಿಷವೇ. ಡೇಟಾ ಇನ್‌ಸೈಟ್ಸ್‌ನಲ್ಲಿ 20 ಪ್ರಶ್ನೆ, ಒಂದಕ್ಕೆ ಎರಡೂಕಾಲು ನಿಮಿಷ. ನಾನು ಅಂಕಿಅಂಶದ ಒಂದೇ ಟೇಬಲ್ ನೋಡುತ್ತಾ ಐದು ನಿಮಿಷ ಕೂತೆ. ಕೊನೆಯ ನಾಲ್ಕಕ್ಕೆ ಸುಮ್ನೆ ಏನೋ ಒತ್ತಿ ಎದ್ದು ಬಂದೆ. ಇದಕ್ಕೆ ಮತ್ತೆ ಪೂರ್ತಿ ಪಾಠ ಯಾಕೆ, ಅಲ್ವಾ? ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿಸುವವರು ಸಾಕಿತ್ತು.

ಹಾಗಾಗಿ ಡೆಮೋ ಕ್ಲಾಸಿನಲ್ಲೇ ಕೇಳಿಬಿಡಿ. ಒಂದೇ ಸೆಕ್ಷನ್‌ಗೆ ಸೇರಬಹುದಾ? ನನ್ನ ಮಾಕ್ ಟೆಸ್ಟಿನ ತಪ್ಪುಗಳನ್ನು ಜೊತೆಗೆ ಕೂತು ನೋಡುವವರು ಯಾರು? ಅವರ ಪುಸ್ತಕದಲ್ಲಿ ಇನ್ನೂ ಸೆಂಟೆನ್ಸ್ ಕರೆಕ್ಷನ್ (ವಾಕ್ಯದ ತಪ್ಪು ತಿದ್ದುವ ಪ್ರಶ್ನೆ) ಇದ್ದರೆ ಎದ್ದು ಬನ್ನಿ, ಈಗಿನ ಪರೀಕ್ಷೆಯಲ್ಲಿ ಅದು ಇಲ್ಲವೇ ಇಲ್ಲ. ‘ಸ್ಕೋರ್ ಗ್ಯಾರಂಟಿ’ ಅಂದರೆ ಷರತ್ತುಗಳನ್ನು ಪೂರ್ತಿ ಓದಿ.

16 ದಿನ ಕಳೆದರೆ ಮತ್ತೆ ಬರೆಯಬಹುದು ಅನ್ನುತ್ತದೆ ನಿಯಮ. ನಾನಾದರೆ ಎರಡು ತಿಂಗಳು ತೆಗೆದುಕೊಳ್ಳುತ್ತೇನೆ.