ಮೀನು ತಗೊಳ್ಳುವಾಗ ಅಂಜಲ್ ಒಂದನ್ನೇ ನೋಡಬೇಡಿ

ಮೀನು ಮಾರ್ಕೆಟ್‌ಗೆ ಹೋದರೆ ಎಲ್ಲರ ಕಣ್ಣೂ ಅಂಜಲ್ (ಸುರಮಯಿ) ಮೇಲೆಯೇ, ರೇಟ್ ಕೇಳಿದರೆ ತಲೆ ತಿರುಗುತ್ತದೆ ಅಲ್ವಾ? ಪೌಷ್ಟಿಕಾಂಶ ಬೇಕು ಅಂದರೆ ಪಕ್ಕದ ಬುಟ್ಟಿಯ ಬೂತಾಯಿ (ಸಾರ್ಡೀನ್), ಬಂಗುಡೆ (ಮ್ಯಾಕೆರೆಲ್) ತಗೊಳ್ಳಿ. ಒಮೆಗಾ-3, ವಿಟಮಿನ್ ಡಿ, ಬಿ12 ಎಲ್ಲ ಚೆನ್ನಾಗಿಯೇ ಇವೆ, ಅದರಲ್ಲೂ ಬೂತಾಯಿ ಪುಳಿಮುಂಚಿ (ಹುಳಿ-ಖಾರದ ಮಸಾಲೆ ಸಾರು) ಮಾಡಿ, ಚೆನ್ನಾಗಿ ಬೆಂದು ಮೆತ್ತಗಾದ ಸಣ್ಣ ಮುಳ್ಳನ್ನೂ ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ (ಮಕ್ಕಳಿಗೆ ಮಾತ್ರ ಮುಳ್ಳು ಬಿಡಿಸಿಯೇ ಕೊಡಿ). ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ರುಚಿಯೂ ಅದಕ್ಕೇ. ಕಬ್ಬಿಣಾಂಶ ಬೇಕಿದ್ದರೆ ಮರುವಾಯಿ (ಚಿಪ್ಪುಮೀನು) ತಗೊಳ್ಳಿ. ಬೇರೆ ಮೀನು ಬೇಟೆಯಾಡಿ ತಿನ್ನುವ ಶಾರ್ಕ್‌ನಂಥ ದೊಡ್ಡ ಮೀನಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ, ಬಸುರಿಯರು, ಎದೆಹಾಲು ಕೊಡುವವರು ತಿನ್ನದಿರುವುದೇ ಒಳ್ಳೆಯದು. ಯಾವ ಮೀನಾದರೂ ಕಿವಿರು ಎತ್ತಿ ನೋಡಿ, ಕೆಂಪಗಿಲ್ಲದಿದ್ದರೆ ಸುಮ್ನೆ ಮುಂದಿನ ಬುಟ್ಟಿಗೆ ಹೋಗಿ.