ನದಿಯಲ್ಲಿ ಬಾರ್ಜ್‌ಗಳನ್ನು (ಸರಕು ಸಾಗಿಸುವ ಚಪ್ಪಟೆ ತಳದ ದೊಡ್ಡ ದೋಣಿಗಳನ್ನು) ಹಗ್ಗದಿಂದ ಕಟ್ಟಿ ನಿಲ್ಲಿಸುವ ಜಾಗ ವಿಸ್ತರಿಸಲು ಅನುಮತಿ ಕೇಳುವುದು ಹೇಗೆ?

ನದಿಯ ತಳ ಯಾರ ಸ್ವತ್ತು, ಹಡಗು ಸಂಚಾರ ಯಾರ ಕೈಯಲ್ಲಿದೆ, ಪರಿಸರ ಅನುಮತಿ ಯಾರು ಕೊಡಬೇಕು ಅಂತ ಮೊದಲು ತಿಳಿದುಕೊಳ್ಳಿ. ಇವು ಬೇರೆ ಬೇರೆ ಕಚೇರಿಗಳಾಗಿದ್ದರೆ ಒಬ್ಬರ ಒಪ್ಪಿಗೆ ಸಾಕಾಗುವುದಿಲ್ಲ. ಹಳೆಯ ಅನುಮತಿ ಪತ್ರವನ್ನೂ ತೆಗೆದು ನೋಡಿ.

ಜಾಸ್ತಿ ಶ್ರಮ ಬೇಕಿರುವುದು ನಕ್ಷೆಗೆ. ಬಾರ್ಜ್ ಕಟ್ಟುವ ಕಂಬಗಳನ್ನು ಸುಮ್ನೆ ಖಾಲಿಯಾಗಿ ತೋರಿಸಿದರೆ ಸಾಲದು. ನೀರು ತೀರಾ ಇಳಿದಾಗ, ಬಾರ್ಜ್‌ಗಳು ಪಕ್ಕಪಕ್ಕ ಮೂರು ಸಾಲು ನಿಂತಿರುವಾಗ, ಹೊರಗಿನ ಸಾಲಿನಿಂದ ಹಡಗು ಓಡಾಡುವ ದಾರಿಗೆ ಎಷ್ಟು ಮೀಟರ್ ಉಳಿಯುತ್ತದೆ ಅನ್ನುವುದನ್ನು ಸ್ಪಷ್ಟವಾಗಿ ಗುರುತಿಸಿ. ಪ್ರವಾಹದ ಸೆಳೆತವನ್ನು ಹಗ್ಗ, ಕಂಬ ತಡೆಯುತ್ತವೆ ಅನ್ನುವುದಕ್ಕೆ ಇಂಜಿನಿಯರ್ ಲೆಕ್ಕವೂ ಬೇಕು. ಕಳಚಿಕೊಂಡ ಒಂದೇ ಬಾರ್ಜ್ ಹೋಗಿ ಸೇತುವೆಗೆ ಬಡಿಯಬಹುದು, ಅಲ್ವಾ?

ಮೀನು ಮೊಟ್ಟೆಯಿಡುವ ಕಾಲದಲ್ಲಿ ಕಂಬ ಹೊಡೆಯುವುದಿಲ್ಲ ಅಂತ ನೀವೇ ಬರೆದುಕೊಡಿ. ಅಕ್ಕಪಕ್ಕದ ದಡದವರನ್ನೂ ಮೀನುಗಾರರನ್ನೂ ಅರ್ಜಿ ಹಾಕುವ ಮೊದಲೇ ಮಾತಾಡಿಸಿ.