ಮೈಸೂರು ಲೈನಿನಲ್ಲಿ ರೈಲಿನ ಫೋಟೊ: ಕಂಬ ನೋಡಿಕೊಂಡು ನಿಲ್ಲಿ

ಬೆಂಗಳೂರು–ಮೈಸೂರು ಮಾರ್ಗದಲ್ಲಿ ರೈಲು ಫೋಟೊ ತೆಗೆಯಲು ಹೊರಟವರಿಗೆ ನನ್ನ ಮೊದಲ ಮಾತು: ರೈಲು ಬರುವ ಮುಂಚೆಯೇ ಹಳಿ ಪಕ್ಕದ ಕರೆಂಟ್ ಕಂಬಗಳನ್ನು ನೋಡಿ. ಖಾಲಿ ಹಳಿಯ ಒಂದು ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಯಾವ ಕಂಬ ಇಂಜಿನ್ನಿನ ಮುಖಕ್ಕೆ ಅಡ್ಡ ಬರುತ್ತದೆ ಅಂತ ಗೊತ್ತಾಗುತ್ತದೆ. ಎರಡು ಹೆಜ್ಜೆ ಸರಿದರೆ ಸಾಕು, ಮುಖ ಎರಡು ಕಂಬಗಳ ನಡುವೆ ಸಿಗುತ್ತದೆ. ಮೇಲೆ ಸ್ವಲ್ಪ ಆಕಾಶ ಬಿಡಿ. ತಂತಿಗೆ ತಾಗಿ ನಿಂತ ಪ್ಯಾಂಟೊಗ್ರಾಫ್ (ತಂತಿಯಿಂದ ಕರೆಂಟ್ ಪಡೆಯಲು ಇಂಜಿನ್ನಿನ ನೆತ್ತಿಯ ಮೇಲಿರುವ ಮಡಚುವ ಚೌಕಟ್ಟು) ಅರ್ಧ ಕತ್ತರಿಸಿ ಹೋದರೆ ಕರೆಂಟ್ ಇಂಜಿನ್ನಿನ ಚಂದವೇ ಹೋಯಿತು.

ಬೆಳಕಿನ ಲೆಕ್ಕ ಸುಲಭ. ಬೆಳಗ್ಗೆ ಬೆಂಗಳೂರಿನ ಕಡೆ ಹೋಗುವ ಗಾಡಿಗಳ ಮುಖಕ್ಕೆ ಬಿಸಿಲು, ಸಂಜೆ ಮೈಸೂರಿನ ಕಡೆಯವಕ್ಕೆ. ಮಂಡ್ಯ, ಮದ್ದೂರಿನಂಥ ಕಡೆ ಪ್ಲಾಟ್‌ಫಾರ್ಮಿನ ತುದಿ ಒಳ್ಳೆಯ ಜಾಗ. ಆದರೆ ಜೋಡಿ ಹಳಿ ಇದು. ಆಚೆ ಹಳಿಯ ಗಾಡಿಗೆ ಕಾದು ನಿಂತಾಗ ಈಚೆ ಹಳಿಯಲ್ಲಿ ಇನ್ನೊಂದು ಬಂದು ಪೂರಾ ಮುಚ್ಚಿಬಿಡುತ್ತದೆ. ನನಗೆ ಹೀಗೆ ಎಷ್ಟೋ ಸಲ ಆಗಿದೆ.

ವೇಗದ ಗಾಡಿಗೆ ಕ್ಯಾಮೆರಾದ ಶಟರ್ ವೇಗ 1/1000 ಸೆಕೆಂಡ್ ಇಡಿ. ಗಾಡಿಯ ಎಲ್‌ಇಡಿ ಬೋರ್ಡಿನ ಅಕ್ಷರ ಅರ್ಧರ್ಧ ಬಂದರೆ, ಗಾಡಿ ನಿಂತಾಗ 1/100ಕ್ಕೆ ಇಳಿಸಿ ಇನ್ನೊಂದು ತೆಗೆಯಿರಿ.

ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಮುಟ್ಟಬೇಕಂತಿಲ್ಲ, ತೀರಾ ಹತ್ತಿರ ಹೋದರೂ ಕರೆಂಟ್ ಹಾರಿ ಹೊಡೆಯುತ್ತದೆ. ಮೇಲ್ಸೇತುವೆಯಿಂದ ಸೆಲ್ಫಿ ಕೋಲು ಚಾಚಬೇಡಿ, ಹಳಿಗೆ ಇಳಿಯಲೇಬೇಡಿ, ಹಳದಿ ಗೆರೆಯ ಹಿಂದೆಯೇ ನಿಲ್ಲಿ. ಚಿಕ್ಕ ಹುಡುಗರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಅವರಿಗೂ ಹೇಳಿ.